ಅಪ್‌ಡೇಟ್: ಮಕ್ಕಳ ನಾಟಕ ಪರೀಕ್ಷೆ ಮುಗೀತು

ಹೋದ ತಿಂಗಳು ಕೇಳಿದ್ದೆನಲ್ಲ, ಬರೆದುಕೊಟ್ಟ ಮಾತನ್ನು ಪಟಪಟ ಒಪ್ಪಿಸುವ ನಮ್ಮ ದಾವಣಗೆರೆ ಮಕ್ಕಳು ‘ನೀವೇ ಒಂದು ದೃಶ್ಯ ಕಟ್ಟಿ’ ಅಂದರೆ ಸುಮ್ಮನೆ ನಿಂತುಬಿಡ್ತಾರೆ, ಪರೀಕ್ಷೆಗೆ ಹೇಗೆ ತಯಾರು ಮಾಡಲಿ ಅಂತ. ಮೊನ್ನೆ ಪರೀಕ್ಷೆ ಆಯ್ತು. ಉತ್ತರಿಸಿದ ಎಲ್ಲರಿಗೂ ಮನಸಾರೆ ನಮಸ್ಕಾರ.

ಮಾತು ಬದಿಗಿಟ್ಟು, ಮೈಯಿಂದ ಶುರು ಮಾಡಿಸಿ ಅಂದಿದ್ದಿರಿ. ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಆಲ್ ರೂಢಿಸಿದ, ಮಾತಿಲ್ಲದೆ ಮೈಯಿಂದಲೇ ಚಿತ್ರ ಕಟ್ಟಿ ಅಲ್ಲಾಡದೆ ನಿಲ್ಲುವ ಸ್ತಬ್ಧಚಿತ್ರದ ಕ್ರಮವನ್ನೇ ಹಿಡಿದೆ: ಈಗಿರುವ ಸ್ಥಿತಿ ಒಂದು ಚಿತ್ರ, ಆಗಬೇಕಾದ್ದು ಇನ್ನೊಂದು, ಅಲ್ಲಿಗೆ ಹೋಗುವ ದಾರಿ ಮೂರನೆಯದು. ಆ ಮೂರನೆಯದರಲ್ಲೇ ಕಥೆ ಹುಟ್ಟೋದು. ವಾರಗಟ್ಟಲೆ ಅದನ್ನೇ ಮಾಡಿದೆವು.

ಆದರೂ ಏನೋ ಪೊಳ್ಳು ಅನ್ನಿಸ್ತಿತ್ತು. ಒಂದು ಶನಿವಾರ ಮಕ್ಕಳನ್ನು ಮಂಡಕ್ಕಿ ಭಟ್ಟಿಗೆ ಕರಕೊಂಡು ಹೋದೆ. ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ಚಟಪಟ ಅರಳೋದು, ಜರಡಿ ಆಡಿಸುವ ಕೈ, ಹೊಗೆಗೆ ಉರಿಯುವ ಕಣ್ಣು. ಮಾತಾಡದೆ ನೋಡಿ ಅಂದಿದ್ದೆ, ಅಷ್ಟೇ.

ಪರೀಕ್ಷೆಯಲ್ಲಿ ಒಂದು ಗುಂಪಿಗೆ ಸಿಕ್ಕ ವಸ್ತು ಖಾಲಿ ಚೀಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಕೊಡವಿ, ಮಡಚಿ, ತಲೆ ಮೇಲೆ ಹೊದ್ದುಕೊಂಡು ಜರಡಿ ಹಿಡಿದವಳ ಹಾಗೆ ಕೂತಳು. ಮುಂಗೈಯಿಂದ ಹಣೆ ಒರೆಸಿಕೊಂಡಳು. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, ‘ಅವ್ವಾ, ನಾಳೆ ಸಾಲಿಗೆ ಹೋಗ್ಲಾ?’ ನನಗೆ ಗಂಟಲು ಕಟ್ಟಿಬಂತು.

ಇನ್ನೊಂದು ಗುಂಪು ಚರ್ಚೆಯಲ್ಲೇ ಸಮಯ ಕಳೆದು ದೃಶ್ಯ ಅರ್ಧಕ್ಕೇ ನಿಂತಿತು. ತಪ್ಪು ನನ್ನದೇ, ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿರಲಿಲ್ಲ. ಸೋಮವಾರದಿಂದ ಅದನ್ನೇ ಶುರು ಮಾಡ್ತಿದ್ದೇವೆ.