‘ನಮ್ಮ ಸಹಾಯಕರು’ ಪಾಠ: ಚಾರ್ಟ್ ಬಿಟ್ಟು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಹಳ್ಳಿ ಶಾಲೆಯೊಂದರಲ್ಲಿ ಯುಕೆಜಿ ಟೀಚರ್. ಮುಂದಿನ ವಾರ ‘ನಮ್ಮ ಸಹಾಯಕರು’ ಪಾಠ ಇದೆ. ಹೋದ ವರ್ಷ ಚಾರ್ಟ್ ತೋರಿಸಿ, ವೇಷ ಹಾಕಿಸಿದೆ. ಅರ್ಧ ಕ್ಲಾಸು ಡಾಕ್ಟರ್, ಉಳಿದರ್ಧ ಪೊಲೀಸ್. ಫೋಟೊ ಏನೋ ಚೆನ್ನಾಗಿ ಬಂತು. ಆಮೇಲೆ “ನಲ್ಲಿಗೆ ನೀರು ಯಾರು ಬಿಡ್ತಾರೆ?” ಅಂತ ಕೇಳಿದರೆ “ಮೋಟರ್” ಅಂದರು! ಈ ಸಲ ಏನು ಮಾಡಲಿ?

ಉತ್ತರ: ಚಿಕ್ಕ ಮಕ್ಕಳಿಗೆ ಪಾಠ ಹೇಳಲು ಶುರು ಮಾಡಿ ನನಗೆ 20 ವರ್ಷ ದಾಟಿತು. ‘ಮೋಟರ್’ ಒಳ್ಳೇ ಉತ್ತರ, ಅಲ್ಲಿಂದಲೇ ಹಿಡಿಯಿರಿ. ಮೋಟರ್ ಆನ್ ಮಾಡುವವರು ಯಾರು? ಪಂಚಾಯ್ತಿ ನೀರುಗಂಟಿ. ಕರೆಂಟ್ ಹೋದರೆ? ಪವರ್‌ಮ್ಯಾನ್ ಬಂದು ಕಂಬ ಹತ್ತಬೇಕು. ಅವರ ಬೈಕ್ ಪಂಕ್ಚರ್ ಆದರೆ? ಮಕ್ಕಳೇ ಮುಂದಕ್ಕೆ ಎಳೆದುಕೊಂಡು ಹೋಗುತ್ತಾರೆ, ನೀವು ಸುಮ್ನೆ ‘ಆಮೇಲೆ?’ ಅಂತಿದ್ದರೆ ಸಾಕು. ಹತ್ತು ಜನರ ಚಿತ್ರ ಒಟ್ಟಿಗೆ ತೋರಿಸಿದರೆ ಹತ್ತು ಟೋಪಿ ನೆನಪಿರುತ್ತದೆ, ಅಷ್ಟೇ. ಒಂದೇ ಎಳೆ ಹಿಡಿದು ಹೋದರೆ ಯಾರು ಬರದಿದ್ದರೆ ಏನು ನಿಲ್ಲುತ್ತದೆ ಅನ್ನೋದು ತಿಳಿಯುತ್ತದೆ.

ಆಗುವುದಾದರೆ ನೀರುಗಂಟಿಯವರನ್ನೇ ಕ್ಲಾಸಿಗೆ ಕರೆಯಿರಿ. ನಾವು ಒಮ್ಮೆ ಕರೆದಿದ್ದೆವು. ವಾಲ್ವ್ ತಿರುಗಿಸುವ ಉದ್ದನೆ ಕಬ್ಬಿಣದ ಕೀಲಿ ತಂದಿದ್ದರು. ಮಕ್ಕಳ ಎದೆಯೆತ್ತರ ಇತ್ತು. ಇಬ್ಬರು ಸೇರಿ ಎತ್ತಲು ಹೋದರು, ಆಗಲಿಲ್ಲ. ನಾಲ್ಕು ಜನ ಹಿಡಿದ ಮೇಲೆ ಮೇಲೆದ್ದಿತು. ಒಬ್ಬಳು, “ನಿಮ್ಮನೆಗೆ ನೀರು ಯಾರು ಬಿಡ್ತಾರೆ?” ಅಂದಳು. “ನಾನೇ ಕಣಮ್ಮಾ. ಆದ್ರೆ ನಮ್ಮ ಬೀದಿ ಕೊನೇದು, ಅಲ್ಲಿಗೆ ಬರೋ ಹೊತ್ತಿಗೆ ಟ್ಯಾಂಕ್ ಖಾಲಿ” ಅಂತ ನಕ್ಕರು. ನನ್ನ ಹತ್ತು ಚಾರ್ಟಿಗಿಂತ ಅದೊಂದು ಮಾತು ಜಾಸ್ತಿ ಕಲಿಸಿತು.

ಇನ್ನೊಬ್ಬರು: ನಾವು ಬೆಂಗಳೂರಲ್ಲಿದ್ದೇವೆ. ನಾಲ್ಕು ವರ್ಷದ ಮಗ ದಿನಾ ‘ಕಸದವನು ಬಂದ’ ಅಂತಾನೆ. ನಾವೇ ಹಾಗೆ ಅಂದು ಕಲಿಸಿದ್ದು. ಹೇಗೆ ತಿದ್ದೋದು?

ಉತ್ತರ: ಬೈದು ತಿದ್ದಬೇಡಿ. ನಾಳೆ ನೀವೇ ಕೆಳಗೆ ಹೋಗಿ, ಮಗನ ಎದುರಿಗೇ ಅವರ ಹೆಸರು ಕೇಳಿ. ನಾಳಿದ್ದಿನಿಂದ ಆ ಹೆಸರಿಗೆ ಅಣ್ಣನೋ ಅಕ್ಕನೋ ಸೇರಿಸಿ ಕರೆಯಿರಿ. ‘ಪೌರಕಾರ್ಮಿಕರು’ ಅನ್ನೋ ಪದ ನಾಲ್ಕು ವರ್ಷದ ನಾಲಿಗೆಗೆ ಕಷ್ಟ, ಆದರೂ ಕಿವಿಗೆ ಬೀಳಲಿ. ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ, ಅವತ್ತು ಮಗ ಬಿಡಿಸಿದ ಚಿತ್ರ ಕೊಡಬಹುದು. ಆದರೆ ಒಂದು ದಿನದ ಹೂವಿಗಿಂತ ದಿನದ ಕೆಲಸ ಮುಖ್ಯ. ಹಸಿ ಕಸ ಹಸಿರು ಡಬ್ಬಿಗೆ, ಒಣ ಕಸ ನೀಲಿಗೆ. ಬಾಳೆಹಣ್ಣಿನ ಸಿಪ್ಪೆ ಯಾವುದಕ್ಕೆ ಅಂತ ಅವನೇ ಹೇಳಲಿ. ಲೋಟ ಒಡೆದಾಗ ಗಾಜನ್ನು ನೀವು ದಪ್ಪಗೆ ಪೇಪರಿನಲ್ಲಿ ಸುತ್ತಿ, ಅವನ ಕೈಲಿ ಅದರ ಮೇಲೊಂದು ಕೆಂಪು ಗುರುತು ಹಾಕಿಸಿ. ‘ಯಾಕೆ?’ ಅಂತ ಕೇಳೇ ಕೇಳುತ್ತಾನೆ. “ಅಣ್ಣ ಕೈ ಹಾಕ್ತಾರಲ್ಲ, ಕುಯ್ಯುತ್ತೆ” ಅನ್ನಿ, ಸಾಕು.

ಇನ್ನೊಂದು ಪ್ರಶ್ನೆ: ನಮ್ಮತ್ತೆ ಮಗಳಿಗೆ ಊಟ ಮಾಡಿಸುವಾಗ “ಪೊಲೀಸ್ ಹಿಡ್ಕೊಂಡು ಹೋಗ್ತಾರೆ”, “ಡಾಕ್ಟರ್ ಸೂಜಿ ಚುಚ್ತಾರೆ” ಅಂತ ಹೆದರಿಸುತ್ತಾರೆ. ಶಾಲೆಯಲ್ಲಿ ಅವರೇ ಸಹಾಯಕರು ಅಂತ ಪಾಠ!

ಉತ್ತರ: ಅತ್ತೆ ಒಬ್ಬರೇ ಅಲ್ಲ ಬಿಡಿ, ನಾನೂ ನನ್ನ ಮಗನಿಗೆ ಹಾಗೆ ಹೆದರಿಸಿ ತುತ್ತು ತಿನ್ನಿಸಿದವಳೇ. ತೊಂದರೆ ಆಗುವುದು ಜಾತ್ರೆಯಲ್ಲಿ. ಕೈ ತಪ್ಪಿಹೋದ ಮಗು ಪೊಲೀಸರನ್ನು ಕಂಡರೆ ಓಡಿ ಬಚ್ಚಿಟ್ಟುಕೊಳ್ಳುತ್ತದೆ. ಅತ್ತೆಗೆ ಇದೊಂದನ್ನೇ ಹೇಳಿ ನೋಡಿ, ಒಪ್ಪುತ್ತಾರೆ. ಮಗುವಿಗೆ ಅಪ್ಪ ಅಮ್ಮನ ಪೂರ್ತಿ ಹೆಸರು, ಒಂದು ಫೋನ್ ನಂಬರ್ ಬಾಯಿಪಾಠ ಆಗಿರಲಿ, ಬೇಕಾದರೆ ರಾಗ ಹಾಕಿ ಹಾಡಿಸಿ. ತುರ್ತಿಗೆ 112 ಅನ್ನೋದೂ ಗೊತ್ತಿರಲಿ. ಆದರೆ ಆಟಕ್ಕೆ ಹಳೇ ಮೊಬೈಲ್ ಕೊಡಬೇಡಿ, ಸಿಮ್ ಇಲ್ಲದಿದ್ದರೂ 112ಕ್ಕೆ ಕರೆ ಹೋಗಿಬಿಡಬಹುದು. ರಟ್ಟಿನ ಫೋನ್ ಮಾಡಿಕೊಡಿ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ‘ಎಲ್ಲರೂ ಸೇರಿ ಕೆಲಸ ಮಾಡೋದು’ ಅಂತ ಕೊನೇ ಭಾಗ ಇದೆ. ಅದಕ್ಕೂ ಏನಾದರೂ ಹೇಳಿ.

ಉತ್ತರ: ನಿಮ್ಮದು ಹಳ್ಳಿ ಅಲ್ವಾ, ಯಾರದಾದರೂ ಅಜ್ಜನನ್ನು ಕರೆಸಿ ಮುಯ್ಯಾಳು ಅಂದರೇನು ಅಂತ ಹೇಳಿಸಿ. ಇವತ್ತು ನೀವು ನಮ್ಮ ಗದ್ದೆ ನಾಟಿಗೆ, ನಾಳೆ ನಾವು ನಿಮ್ಮ ಗದ್ದೆಗೆ. ಕೂಲಿ ಇಲ್ಲ, ಊಟ ಉಂಟು. ಮಾತಿನಲ್ಲಿ ಮುಗಿಸಬೇಡಿ. ಅವರೆಕಾಯಿ ಕಾಲದಲ್ಲಿ ಎರಡು ಕೇಜಿ ತನ್ನಿ. ಮೊದಲು ಒಬ್ಬನೇ ಕೂತು ಬಿಡಿಸಲಿ, ಎರಡೇ ನಿಮಿಷಕ್ಕೆ ಮುಖ ಸಪ್ಪೆ ಮಾಡುತ್ತಾನೆ. ಆಮೇಲೆ ಎಲ್ಲರನ್ನೂ ಸುತ್ತ ಕೂರಿಸಿ. ಪೊರಕೆ ಮಾತ್ರ ಹತ್ತಿರ ಇಟ್ಟುಕೊಳ್ಳಿ, ಅರ್ಧ ಕಾಳು ನೆಲದ ಮೇಲಿರುತ್ತದೆ.