ಮಗಳ ಜೀನ್ ವರದಿಯಲ್ಲಿ ‘ಮಹತ್ವ ಅನಿಶ್ಚಿತ’ ಎಂದಿದೆ. ಇದನ್ನು ಹೇಗೆ ಓದಬೇಕು?

ಪ್ರಶ್ನೆ: ಬಾಗಲಕೋಟೆಯ ತಂದೆ

ಆರು ವರ್ಷದ ನನ್ನ ಮಗಳ ಎರಡೂ ಮೂತ್ರಪಿಂಡಗಳಲ್ಲಿ ಹರಳುಗಳಿವೆ. ಕೊಳವೆಬಾವಿಯ ಗಡಸು ನೀರೇ ಇದಕ್ಕೆ ಕಾರಣವೆಂದು ಮನೆಯ ಹಿರಿಯರು ಹೇಳುತ್ತಲೇ ಬಂದರು. ಆದರೆ ಹೊರತೆಗೆದ ಹರಳು ಬರೀ ಕ್ಯಾಲ್ಸಿಯಂ ಆಕ್ಸಲೇಟ್ ಎಂದು ಗೊತ್ತಾದ ಮೇಲೆ ವೈದ್ಯರು ಜೀನ್ ಪರೀಕ್ಷೆ ಮಾಡಿಸಿದರು. ಎಜಿಎಕ್ಸ್‌ಟಿ ಎಂಬ ಜೀನಿನಲ್ಲಿ ಒಂದೇ ರೂಪಾಂತರವು (ಜೀನಿನ ಬರಹದಲ್ಲಿನ ಬದಲಾವಣೆ) ತಂದೆತಾಯಿಯಿಂದ ಬಂದ ಎರಡೂ ಪ್ರತಿಗಳಲ್ಲಿ ಕಂಡುಬಂದಿದ್ದು, ಅದರ ‘ಮಹತ್ವ ಅನಿಶ್ಚಿತ’ ಎಂದು ವರದಿ ಹೇಳುತ್ತದೆ. ನಾನು ಅಕ್ಕನ ಮಗಳನ್ನೇ ಮದುವೆಯಾದವನು. ಎರಡೂ ಪ್ರತಿಗಳಲ್ಲಿದೆ ಎಂದಮೇಲೆ ಆಕ್ಸಲೇಟ್ ಹೆಚ್ಚುವ ಆನುವಂಶಿಕ ರೋಗ ಖಚಿತವಾದಂತೆಯೇ ಅಲ್ಲವೇ? ಮೂರು ವರ್ಷದ ಮಗನಿಗೂ ಇದೇ ಪರೀಕ್ಷೆ ಮಾಡಿಸಬೇಕೇ?

ಉತ್ತರ 1: ತಳಿವೈದ್ಯೆ, ಬೆಳಗಾವಿ

ಸರ್, ಖಚಿತವಾದಂತಲ್ಲ. ಸೋದರಮಾವ ಮತ್ತು ಸೊಸೆಯ ಮದುವೆಯಲ್ಲಿ ಹುಟ್ಟಿದ ಮಗುವಿನ ಜೀನ್‌ಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗದಷ್ಟು, ಒಬ್ಬರೇ ಪೂರ್ವಿಕರಿಂದ ಎರಡೂ ಕಡೆಯಿಂದ ಇಳಿದು ಬಂದ ಒಂದೇ ಪ್ರತಿಯಾಗಿರುತ್ತದೆ; ಆದ್ದರಿಂದ ಏನೂ ಕೇಡು ಮಾಡದ ಅಪರೂಪದ ರೂಪಾಂತರವೂ ಇಂಥ ಮಗುವಿನಲ್ಲಿ ಜೋಡಿಯಾಗಿಯೇ ಕಾಣಿಸಿಕೊಳ್ಳಬಹುದು. 2015ರಲ್ಲಿ ಅಮೆರಿಕದ ತಳಿವೈದ್ಯರು ರೂಪಿಸಿದ, ರೋಗಕಾರಕದಿಂದ ನಿರುಪದ್ರವಿಯವರೆಗಿನ ಐದು ದರ್ಜೆಗಳಲ್ಲಿ ‘ಅನಿಶ್ಚಿತ’ ನಡುವಿನದು: ಸಾಕ್ಷ್ಯ ಎರಡೂ ಕಡೆಗೆ ಸಾಲದು ಎಂದಷ್ಟೇ ಅದರ ಅರ್ಥ.

ಉಳಿದ ಸಾಕ್ಷ್ಯವನ್ನು ಮೂತ್ರದಲ್ಲಿ ಹುಡುಕಬೇಕು. ಈ ಜೀನಿನ ಕಿಣ್ವವು ಯಕೃತ್ತಿನಲ್ಲಿ ಗ್ಲೈಆಕ್ಸಿಲೇಟ್ ಎಂಬ ರಾಸಾಯನಿಕವನ್ನು ಗ್ಲೈಸಿನ್ ಎಂಬ ಅಮೈನೋ ಆಮ್ಲವಾಗಿ ಮಾರ್ಪಡಿಸುತ್ತದೆ. ಅದು ಕೆಟ್ಟರೆ ಗ್ಲೈಆಕ್ಸಿಲೇಟು ಆಕ್ಸಲೇಟ್ ಆಗಿ ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುತ್ತದೆ. 24 ಗಂಟೆಗಳ ಮೂತ್ರದಲ್ಲಿ ಆಕ್ಸಲೇಟ್ ಪ್ರಮಾಣವು, 1.73 ಚದರ ಮೀಟರ್ ಮೈ ವಿಸ್ತೀರ್ಣಕ್ಕೆ ಲೆಕ್ಕ ಹಾಕಿದಾಗ, ಸುಮಾರು 0.5 ಮಿಲಿಮೋಲ್‌ ದಾಟಬಾರದು. ಅದು ಮತ್ತೆ ಮತ್ತೆ ಬಹಳ ಹೆಚ್ಚಿದ್ದು, ಗ್ಲೈಆಕ್ಸಿಲೇಟಿಗೆ ಸಂಬಂಧಿಸಿದ ಗ್ಲೈಕೋಲೇಟ್ ಎಂಬ ರಾಸಾಯನಿಕವೂ ಏರಿದ್ದರೆ ರೂಪಾಂತರವನ್ನು ರೋಗಕಾರಕ ಎನ್ನುವ ವಾದಕ್ಕೆ ಬಲ ಬರುತ್ತದೆ.

ತಂದೆತಾಯಿಗಳಿಬ್ಬರ ಪರೀಕ್ಷೆಯನ್ನೂ ಬಿಡಬೇಡಿ. ಒಬ್ಬರಲ್ಲಿ ಮಾತ್ರ ಈ ರೂಪಾಂತರವಿದ್ದರೆ, ಇನ್ನೊಂದು ಪ್ರತಿಯ ತುಣುಕೇ ಕಳಚಿಹೋಗಿ, ಉಳಿದ ಒಂದೇ ಪ್ರತಿಯು ಯಂತ್ರಕ್ಕೆ ಜೋಡಿಯಂತೆ ಕಂಡಿರುವ ಸಾಧ್ಯತೆಯಿದೆ. ರೂಪಾಂತರ ಯಾವುದೆಂಬುದು ಚಿಕಿತ್ಸೆಗೂ ಮುಖ್ಯ: ಕಿಣ್ವದ ಸರಪಳಿಯ 170ನೆಯ ಸ್ಥಾನದಲ್ಲಿ ಗ್ಲೈಸಿನ್ ಹೋಗಿ ಆರ್ಜಿನಿನ್ ಎಂಬ ಬೇರೆ ಅಮೈನೋ ಆಮ್ಲ ಬಂದವರಲ್ಲಿ ಕಿಣ್ವವು ಜೀವಕೋಶದೊಳಗಿನ ತನ್ನ ಜಾಗವಾದ ಪೆರಾಕ್ಸಿಸೋಮಿನ ಬದಲು ಮೈಟೊಕಾಂಡ್ರಿಯ ಎಂಬ ಬೇರೊಂದು ಭಾಗಕ್ಕೆ ಹೋಗಿ ಸೇರುತ್ತದೆ, ಮತ್ತು ಅವರಿಗೆ ಬಿ6 ಜೀವಸತ್ವದಿಂದ ಹೆಚ್ಚಾಗಿ ಪ್ರಯೋಜನವಾಗುತ್ತದೆ. ವರದಿಗಾಗಿ ಕಾಯದೆ ಮಗುವಿಗೆ ಹಗಲು ರಾತ್ರಿ ಸಾಕಷ್ಟು ನೀರು ಕುಡಿಸುವುದನ್ನು ವೈದ್ಯರ ಸಲಹೆಯಂತೆ ಈಗಲೇ ಆರಂಭಿಸಿ.

ಉತ್ತರ 2: ವಿಜಯಪುರದ ತಾಯಿ

ನನ್ನ ಮಗನ ವರದಿಯಲ್ಲೂ ಇದೇ ಪದವಿತ್ತು. ಎರಡು ವರ್ಷಗಳ ನಂತರ ಮೂತ್ರದ ಫಲಿತಾಂಶಗಳನ್ನು ಜೊತೆಗಿಟ್ಟು ಮರುಪರಿಶೀಲನೆ ಕೇಳಿದೆವು. ದರ್ಜೆ ‘ರೋಗಕಾರಕ ಇರಬಹುದು’ ಎಂದು ಬದಲಾಯಿತು. ನಾವು ಕೇಳದಿದ್ದರೆ ಪ್ರಯೋಗಾಲಯದವರು ತಾವಾಗಿ ತಿಳಿಸುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ಮೂತ್ರವನ್ನು ಭಾನುವಾರ ಬೆಳಿಗ್ಗೆಯಿಂದ ಸಂಗ್ರಹಿಸಿ, ಶಾಲೆಯ ದಿನ ಅರ್ಧ ಮೂತ್ರ ಅಲ್ಲಿಯೇ ಹೋಗುತ್ತದೆ.

ಉತ್ತರ 3: ತಳಿವೈದ್ಯೆ, ಬೆಳಗಾವಿ

ಮಗನ ವಿಷಯ ಹೇಳಲು ಮರೆತಿದ್ದೆ. ಮೊದಲು ಅವನ ಮೂತ್ರದ ಆಕ್ಸಲೇಟ್ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಅರ್ಥವೇ ಖಚಿತವಾಗದ ರೂಪಾಂತರವನ್ನು ಆರೋಗ್ಯವಾಗಿರುವ ಮಗುವಿನಲ್ಲಿ ಹುಡುಕಿದರೆ ಅವನ ಮುಂದಿನ ಸ್ಥಿತಿಯ ಬಗ್ಗೆ ಏನೂ ಹೇಳಲಾಗದು. ಮೂತ್ರದಲ್ಲಿ ಏರುಪೇರು ಕಂಡರೆ ಮಾತ್ರ ಅವನ ಜೀನ್ ಪರೀಕ್ಷೆ ಅಕ್ಕನ ವರದಿಗೂ ಬೆಳಕಾಗುತ್ತದೆ.