ಸ್ಕ್ವೀಮಿಶ್‌ಗೆ ಕನ್ನಡದಾಗ ಏನಂತೀರಿ? ಅರ್ಜೆಂಟ್ ಐತಿ

ಹಾವೇರಿಯಿಂದ:

ನಮಸ್ಕಾರ್ರಿ ಎಲ್ಲಾರಿಗೂ. ನಾಳೆ ಇಲ್ಲೆ ಹಾವು ಕಡಿತದ ಬಗ್ಗೆ ಫೋಟೋ ಪ್ರದರ್ಶನ ಐತಿ, ಹೊಲದಾಗ ಬರಿಗಾಲಿಲೆ ಅಡ್ಡಾಡೋ ಮಂದಿಗೆ ತೋರಿಸ್ಬೇಕಂತ ಮಾಡೀವಿ. ಕೊಳಕುಮಂಡಲ ಕಡದ ಕಾಲು ಬಾತು, ಗುಳ್ಳಿ ಎದ್ದು, ಚರ್ಮ ಕರ್ರಗಾಗಿ ಸುಲದಿದ್ದು, ಒಂದೆರಡು ಫೋಟೋ ನನಗ ನೋಡಾಕ ಆಗವಲ್ದು. ಇಂಗ್ಲಿಷ್ ಪೋಸ್ಟರ್‌ನ್ಯಾಗ ಸ್ಕ್ವೀಮಿಶ್ ಇದ್ದವರಿಗೆ, ಅಂದ್ರ ಇಂಥಾವು ನೋಡಿದ್ರ ಹೊಟ್ಟಿ ತೊಳಸೋರಿಗೆ, ಇದು ಅಲ್ಲ ಅಂತ ಐತಿ. ನಾನು ಗಡಿಬಿಡಿಯೊಳಗ 'ಹೇಸಿಗಳಿಗೆ ಪ್ರವೇಶವಿಲ್ಲ' ಅಂತ ಬರದು ಫ್ಲೆಕ್ಸ್ ಅಂಗಡಿಗೆ ಕಳಿಸಿಬಿಟ್ಟೆ, ಟೈಪ್ ಮಾಡೋ ಹುಡುಗ ಫೋನ್ ಹಚ್ಚಿ "ಸರ, ಇದು ಯಾರಿಗೆ ಬೈದದ್ರಿ?" ಅಂದ. ಒಂಬತ್ತಕ್ಕ ಅಂಗಡಿ ಮುಚ್ತಾರ. ಒಂದು ಪದ ಕೊಡ್ರಿ.

ಹುಬ್ಬಳ್ಳಿಯಿಂದ:

ಜುಗುಪ್ಸಾಶೀಲ. ಇದರಾಗ ಚರ್ಚಾ ಮಾಡೂದೇನೈತಿ. ಮತ್ತ ಕೈ ಮುಗೀತೀನಿ, 'ಜಿಗುಪ್ಸೆ' ಅಂತ ಬರೀಬ್ಯಾಡ್ರಿ. ಜು. ಜಿ ಅಲ್ಲ.

ಧಾರವಾಡದಿಂದ:

ಜುಗುಪ್ಸಾಶೀಲ! ಹಾವೇರಿ ಸಂತಿಗೆ ಬಂದ ರೈತ ಅದನ್ನ ಓದಿ ಯಾವುದೋ ಮಠದ ಸ್ವಾಮಿಗಳ ಹೆಸರು ಅಂದ್ಕೊಂಡು ಚಪ್ಪಲಿ ಬಿಟ್ಟು ಒಳಗ ಹೋಗ್ತಾನ.

ಅಲ್ರಿ, ಜು ಆಗ್ಲಿ ಜಿ ಆಗ್ಲಿ, ಆ ಪದ ನಮ್ಮ ಕೈ ಬಿಟ್ಟು ಹೋಗಿ ಎಷ್ಟೋ ಕಾಲ ಆತು. ಪೇಪರ್ ತಗದ್ರ 'ಜೀವನದಲ್ಲಿ ಜಿಗುಪ್ಸೆಗೊಂಡು' ಅಂತನ ಇರ್ತದ, ಅಂದ್ರ ಬ್ಯಾಸರ, ಹತಾಶೆ. ಕೊಳೆತ ಗಾಯ ನೋಡಿ ಹೊಟ್ಟಿ ತೊಳಿಸೂದಕ್ಕ ಅದನ್ನ ಯಾರೂ ಬಳಸೂದಿಲ್ಲ, ಬೀಭತ್ಸ ರಸದ ಸ್ಥಾಯಿಭಾವ ಅಂತ ಕಾವ್ಯಶಾಸ್ತ್ರದ ಪರೀಕ್ಷಾದಾಗ ಬರಿಯೋರನ್ನ ಬಿಟ್ಟು.

ನಮ್ಮದು ಹೇಸು. ಹಳಗನ್ನಡದ ಪೇಸು, ಪಾಲು ಹಾಲಾದಂಗ, ಪುಲಿ ಹುಲಿಯಾದಂಗ. ಮತ್ತ ಇದರ ಮಜಾ ನೋಡ್ರಿ, ಹೊಲಸು ಕಂಡು ಮಾರಿ ತಿರುವೂದೂ ಹೇಸೂದ, ತಪ್ಪು ಮಾಡ್ಲಿಕ್ಕೆ ಮನಸ್ಸು ಹಿಂಜರಿಯೂದೂ ಹೇಸೂದ. 'ಸುಳ್ಳು ಹೇಳ್ಲಿಕ್ಕೆ ಹೇಸೂದಿಲ್ಲ' ಅಂತೀವಲ್ಲ. ಇಂಗ್ಲಿಷಿನ ಪದಕ್ಕೂ ಈ ಎರಡೂ ಅರ್ಥ ಅವ, ಹೊಟ್ಟಿದೂ ಮನಸ್ಸಿಂದೂ. ಇಷ್ಟು ಸರಿಯಾಗಿ ಹೊಂದೋ ಪದ ಮನ್ಯಾಗ ಇಟ್ಕೊಂಡು ಮಂದಿ ಮನಿ ಬಾಗಲಾ ಯಾಕ ಬಡೀಬೇಕು? ಅಂಜುವವ ಅಂಜುಬುರುಕ, ಮರೆಯುವವ ಮರೆಗುಳಿ, ಹಂಗ ಹೇಸುವವ ಹೇಸುಗುಳಿ. ಹೇಸು ಬಂದದ್ದೂ ಹೇಲು, ಅಂದ್ರ ಪೇಲ್ ಇಂದನ, ಇದು ನನ್ನ ಖಾತ್ರಿ.

ಗದಗಿನಿಂದ:

ಖಾತ್ರಿ ಎಲ್ಲಿಂದ ಬಂತ್ರಿ ಸರ? ಪೇ ಅಂತ ಶುರುವಾಗೋದೆಲ್ಲಾ ಒಂದ ತಾಯಿ ಮಕ್ಕಳಾದ್ರ ಪೇಟೆನೂ ಅಲ್ಲಿಂದನ ಬಂತು ಅನ್ನಬೇಕಾಗ್ತೈತಿ. ಲ್ ಹೋಗಿ ಸು ಹೆಂಗ ಬಂತು ಅದನ್ನ ಮೊದಲು ತೋರಿಸ್ರಿ.

ಹುಬ್ಬಳ್ಳಿಯವರಿಗೂ ಒಂದು ಮಾತು. ಪಾಣಿನಿ ಒಂದ ಸೂತ್ರದಾಗ ಗುಪ್, ತಿಜ್, ಕಿತ್ ಮೂರೂ ಧಾತುವಿಗೆ ಸನ್ ಅನ್ನೋ ಪ್ರತ್ಯಯ ಹಚ್ಚಿದಾನ, ಜುಗುಪ್ಸೆ, ತಿತಿಕ್ಷೆ, ಚಿಕಿತ್ಸೆ ಮೂರೂ ಅಲ್ಲಿಂದ ಬಂದಾವು. ಹೇಸಿಗೆ, ತಾಳ್ಮೆ, ಔಷಧ ಮೂರೂ ಒಂದ ಮನೆಯವು, ನಾಳಿನ ಪ್ರದರ್ಶನಕ್ಕ ಮೂರೂ ಬೇಕು. ಇನ್ನ ಜೈನರು ಹೇಸದೇ ಇರೋದಕ್ಕ ಹೆಸರನ ಇಟ್ಟಾರ, ನಿರ್ವಿಚಿಕಿತ್ಸೆ, ಸಮ್ಯಗ್ದರ್ಶನದ, ಅಂದ್ರ ಸರಿಯಾದ ಶ್ರದ್ಧೆಯ, 8 ಅಂಗದಾಗ ಅದೂ ಒಂದು. ಉದ್ದಾಯನ ರಾಜ ರೋಗಿಷ್ಟ ಮುನಿ ಮಾಡಿದ ವಾಂತಿ ತನ್ನ ಕೈಯಾರೆ ತೊಳದ, ಮಾರಿ ಸೊಟ್ಟ ಮಾಡ್ಲಿಲ್ಲ. ಈ 8 ಅಂಗದ ಕತಿ ಕನ್ನಡದಾಗ ಹೇಳಿದಾಂವ ನಮ್ಮ ಮುಳಗುಂದದ ನಯಸೇನ, 1112ರಾಗ. ಅವನ ಅಲ್ಲೇನು, ಶುದ್ಧಗನ್ನಡದೊಳಗ ಸಂಸ್ಕೃತ ಕಲಸೋದು ತುಪ್ಪ ಎಣ್ಣಿ ಕೂಡಿಸಿದಂಗ ಅಂದಾಂವ? ಅಂದು, ತನ್ನ ಪುಸ್ತಕಕ್ಕ ಧರ್ಮಾಮೃತ ಅಂತ ಹೆಸರಿಟ್ಟ. ಅದಕ್ಕ ಈ ಅಚ್ಚಗನ್ನಡದ ಹಟ ನನಗ ಯಾವಾಗ್ಲೂ ನಗು ತರಸ್ತೈತಿ.

ಹೇಸುಗುಳಿ ಅಂತ ನಾನಂತೂ ಎಲ್ಲೂ ಕೇಳಿಲ್ಲ. ನಮ್ಮ ಮಂದಿ ಇಂಥವರಿಗೆ 'ಭಾಳ ನಾಜೂಕ ಅದಾನ' ಅಂತಾರ, ಮುಗೀತು.

ಧಾರವಾಡದಿಂದ:

ನಾಜೂಕು ಪಾರ್ಸಿ. ಮೊದಲು ಸಂಸ್ಕೃತ ಬ್ಯಾಡ ಅಂದೆವು, ಈಗ ಪಾರ್ಸಿ ತರ್ತೀರಿ, ನಾಳೆ ಹೇಸಿಗಿಗೆ ಮರಾಠಿ ಕಿಳಸ್ ತರ್ತೀರಿ. ಕನ್ನಡ ಯಾವಾಗ ತರೂದು?

ಗದಗಿನಿಂದ:

ಖಾತ್ರಿ ಅಂದ್ರಲ್ಲ ಆಗಳೆ, ಅದು ಯಾವ ಹಳಗನ್ನಡ ಸರ?

ಹುಬ್ಬಳ್ಳಿಯಿಂದ:

ಆ ಇಂಗ್ಲಿಷ್ ಪದನೂ ನಾರ್ಮನ್ ಫ್ರೆಂಚರ ಕಡೆಯಿಂದ ಬಂದ ಕಡನ. ಅವರು ಶತಮಾನಗಟ್ಟಲೆ ಯಾರ ತಕರಾರೂ ಇಲ್ಲದ ಬಳಸಿಕೊಂಡು ಹೊಂಟಾರ. ನಾವು ಒಂದು ಫ್ಲೆಕ್ಸ್‌ಗೆ ಕುಸ್ತಿ ಹಿಡದೀವಿ.

ಹಾವೇರಿಯಿಂದ:

ಎಲ್ಲಾರಿಗೂ ಥ್ಯಾಂಕ್ಸ್ ರೀ. ಎಂಟೂ ಐವತ್ತಾಗಿತ್ತು, ನಾನ ಅಂಗಡಿಗೆ ಹೋಗಿ ಆ ಹುಡುಗನ ಬಾಜೂಕ ಕುಂತೆ. ಹೇಸು ಸರಿನ ರೀ, ಆದ್ರ ಅದಕ್ಕ ಇ ಹಚ್ಚಿದ್ರ ಹೇಸಿಗೆ ಪಡೋನು ಹೋಗಿ ಹೇಸಿಗೆ ತರಸೋನು ಬಂದು ಕುಂದರ್ತಾನ, ಅಲ್ಲೇ ನಾನು ಮುಗ್ಗರಿಸಿದ್ದು. ಹೇಸುಗುಳಿ ಅಂತ ಟೈಪ್ ಮಾಡಿಸಿ ನೋಡಿದೆ, ಹುಡುಗ "ಇದು ಏನ್ ಸರ, ಗುಳಿಗೀನ?" ಅಂದ. ಮತ್ತೊಂದು ನೆನಪಾತು, ಕೆಲವರಿಗೆ ಹೇಸಿಗೆ ಏನೂ ಆಗೂದಿಲ್ಲ, ರಕ್ತ ಕಂಡ ಕೂಡ್ಲೆ ಬಿಪಿ ಇಳದು ದೊಪ್ಪನ ಬೀಳ್ತಾರ, ಅವರಿಗೂ ಹೇಳಬೇಕಲ್ಲ. ಕಡೀಕ ಹಾಕಿಸಿದ್ದು: 'ಗಾಯ ನೋಡಿದ್ರ ಹೇಸಿಗಿ ಬರೋರು, ರಕ್ತ ನೋಡಿದ್ರ ಚಕ್ಕರ ಬರೋರು ಎಡಗಡೆ ಸಾಲು ಬಿಟ್ಟು ಬಲಗಡೆ ಹೋಗ್ರಿ'. ಬಲಗಡೆ ಬರೇ ಹಾವಿನ ಫೋಟೋ ಅದಾವು.

ಹುಡುಗ 'ಹೇಸಿಗಿ' ಅಲ್ಲ 'ಹೇಸಿಗೆ' ಅಂತ ತಿದ್ದಾಕ ಹೊಂಟಿದ್ದ. ಬ್ಯಾಡ ಬಿಡೋ ತಮ್ಮಾ ಅಂದೆ.